ದಿ|| ಚಿಕ್ಕಬೋರಮ್ಮ

ನಾನು ಮಂಡ್ಯದಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಂಗಡಿ ಬೋರ್ಡಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ಒಳಗೆ ನುಗ್ಗಿ ಜಗಳ ಆಡಿ ಬರುವ ಜಾತಿ. “ಪಾರ್ಥಸಾರಥಿ ಮೇಷ್ಟ್ರು ಬತ್ತಾವ್ರೆ, ಬೋರ್ಡು ಒಳಗಿಕ್ಕ್ರಲಾ” ಎಂದು ಪೇಟೆಬೀದಿಯವರು ಗೇಲಿ ಮಾಡುತ್ತಿದ್ದರು. ಅಂಥ ನಾನು ಒಂದು ಅಕ್ಷರ ತಪ್ಪು ಬರೆದೆ. ಅದರಿಂದ ವೈದ್ಯನಾಥಪುರದ ಚಿಕ್ಕಬೋರಮ್ಮ ಪಟ್ಟ ಸಂಕಟವನ್ನು ಹೇಳದೆ ನನಗೆ ಸಮಾಧಾನವಿಲ್ಲ.

೧೯೭೪ರಲ್ಲಿ ನಮ್ಮ ನಿವೃತ್ತ ಹೆಡ್‌ಮಾಸ್ಟರು ಯೋಗಾನರಸಿಂಹ ಅವರಿಗೆ ಮ್ಯೂಸಿಯಂ ಹುಚ್ಚು ಹಿಡಿಯಿತು. “ಜನ ಮಕ್ಕಳುಮರಿ ಕಟ್ಟಿಕೊಂಡು ಮೈಸೂರಿಗೆ ಹೋಗಿ ಮಹಾರಾಜರ ಕುರ್ಚಿ ನೋಡ್ತಾರಲ್ಲಯ್ಯ, ನಮ್ಮ ಅಜ್ಜಿಯರ ಒನಕೆ ನೋಡೋಕೆ ಎಲ್ಲಿಗೆ ಹೋಗಬೇಕು?” ಎಂದರು. ಹಳೆಯ ಛತ್ರವೊಂದರ ಎರಡು ಕೋಣೆ ಹಿಡಿದು ಕೊಳಗ, ಕೂರಿಗೆ, ಕಂಚಿನ ದೀಪ ಎಲ್ಲ ಕೂಡಿಸಿದರು. ಭಾನುವಾರ ಮಾತ್ರ ಬಾಗಿಲು. ಶ್ರೀರಂಗಪಟ್ಟಣಕ್ಕೋ ಮುತ್ತತ್ತಿಗೋ ಹೊರಟ ಸಂಸಾರಗಳು ಬುತ್ತಿಗಂಟಿನ ಸಮೇತ ಇಳಿದು ಒಂದು ಸುತ್ತು ನೋಡಿ ಹೋಗುತ್ತಿದ್ದವು. ಪ್ರತಿ ವಸ್ತುವಿನ ಪಕ್ಕ ಕೊಟ್ಟವರ ಹೆಸರಿನ ಹಲಗೆ ಬರೆಯುವ ಕೆಲಸ ನನ್ನದಾಗಿತ್ತು.

ಚಿಕ್ಕಬೋರಮ್ಮನ ಮನೆಯಿಂದ ಬಂದದ್ದು ರಾಗಿಕಲ್ಲು. ಇಪ್ಪತ್ತಾರಕ್ಕೇ ಗಂಡ ಸತ್ತು, ಕಂಕುಳಲ್ಲಿ ವರ್ಷದ ಮಗುವನ್ನು ಇಟ್ಟುಕೊಂಡು ನಿಂತ ಹೆಂಗಸು ಆಕೆ. ಊರಿನ ಅರ್ಧ ಮನೆಗಳ ರಾಗಿ ಬೀಸಿಕೊಟ್ಟು, ಕೂಲಿಯಾಗಿ ಬಂದ ಹಿಟ್ಟಿನಲ್ಲೇ ಮಗ ಚಲುವರಾಜುವನ್ನು ಬೆಳೆಸಿದಳು. ಊರಿಗೆ ಕರೆಂಟು ಬಂತು, ಹಿಟ್ಟಿನ ಮಿಲ್ಲು ಬಂತು. ಕಲ್ಲು ಕೊಟ್ಟಿಗೆಯ ಮೂಲೆ ಸೇರಿತು. ಮ್ಯೂಸಿಯಂ ಸುದ್ದಿ ಕೇಳಿದ ಚಲುವರಾಜು ಅದನ್ನು ಗಾಡಿಯಲ್ಲಿ ಹೇರಿಕೊಂಡು ಬಂದ.

“ಕಲ್ಲು ನೋಡಕ್ಕೆ ಯಾವೋನ್ಲಾ ಬಂದಾನು ಅಂತ ನಮ್ಮವ್ವ ಬೋದ್ಲು ಸಾಮಿ” ಎಂದು ಹೆಡ್‌ಮಾಸ್ಟರ ಹತ್ತಿರ ಅವನೇ ನಗುತ್ತ ಹೇಳಿದನಂತೆ. “ನನ್ನ ಸಾಕಿದ ಕಲ್ಲು. ಕೊಟ್ಟಿಗೆ ಮೂಲೆಲಿ ಯಾಕ್ ಬಿದ್ದಿರ್ಬೇಕು ಯೋಳಿ?”

ಹೆಡ್‌ಮಾಸ್ಟರು ಕೊಟ್ಟ ಪಟ್ಟಿಯಲ್ಲಿ ದಾನಿಗಳ ಹೆಸರಿಗೆಲ್ಲ ಮೊದಲು ‘ದಾ||’ ಎಂದು ಚುಟುಕಾಗಿ ಬರೆದಿತ್ತು. ಚಿಕ್ಕಬೋರಮ್ಮನ ಸಾಲಿನಲ್ಲಿ ಅವರ ಕೈ ಏಕೋ ಮೇಲಕ್ಕೆ ಸುತ್ತಿತ್ತು. ನಾನು ಅದನ್ನು ‘ದಿ||’ ಎಂದು ಓದಿದೆ. ಹಳೆಯ ಕಲ್ಲಿನ ಒಡತಿ ಸತ್ತೇ ಇರಬೇಕು ಎಂದುಕೊಂಡೆನೇ ಹೊರತು ಯಾರನ್ನೂ ಕೇಳಲಿಲ್ಲ. ‘ದಿ|| ಚಿಕ್ಕಬೋರಮ್ಮ, ಅವರ ಮಗ ಚಲುವರಾಜು, ವೈದ್ಯನಾಥಪುರ’ ಎಂದು ಹಸಿರು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ದುಂಡಗೆ ಬರೆದೆ.

ತಿಂಗಳ ಮೇಲೆ ಒಂದು ಭಾನುವಾರ ಇಡೀ ಸಂಸಾರವೇ ಬಂತು. ಚಲುವರಾಜು, ಹೆಂಡತಿ ಮಂಗಳಮ್ಮ, ಇಬ್ಬರು ಮಕ್ಕಳು, ಹಿಂದೆ ಹೊಸ ಸೀರೆಯಲ್ಲಿ ಚಿಕ್ಕಬೋರಮ್ಮ. ಕಲ್ಲು ನೋಡಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುವ ಏರ್ಪಾಡು. ಚಲುವರಾಜು ನಾಲ್ಕನೇ ಕ್ಲಾಸಿನವರೆಗೆ ಓದಿದ್ದ. ಹಲಗೆಯ ಮೇಲೆ ಬೆರಳಿಟ್ಟು ಓದಲು ಹೋಗಿ ನಿಂತುಬಿಟ್ಟ.

“ಮೇಷ್ಟ್ರೇ, ದಿ ಅನ್ನಾದು ಸತ್ತೋರ್ಗಲ್ವಾ ಆಕಾದು?”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ತಕ್ಷಣ ಕೆರೆಯುತ್ತೇನೆ ಎಂದು ಬ್ಲೇಡು ಹುಡುಕಿದೆ. ವಿಷಯ ತಿಳಿದ ಚಿಕ್ಕಬೋರಮ್ಮ ಮಾತ್ರ ಸೊಂಟ ಹಿಡಿದುಕೊಂಡು ನಕ್ಕಳು.

“ಇರ್ಲಿ ಬುಡಿ ಮೇಷ್ಟ್ರೇ! ತಲೆ ಮ್ಯಾಲೆ ಕಾಗೆ ಕುಂತ್ರೆ ನಾವೇ ನೆಂಟ್ರಿಗೆ ಸತ್ತೋದ್ರು ಅಂತ ಸುಳ್ಳು ಸುದ್ದಿ ಕಳ್ಸಿ ಅಳುಸ್ತೀವಿ, ಗಂಡಾಂತರ ಕಳೀಲಿ ಅಂತ. ನೀವು ಬಿಟ್ಟಿ ಕಳ್ಸೀರಿ. ಆಯಸ್ಸು ಎಚ್ತದೆ, ಆ ಅಕ್ಸರ ಅಳುಸ್ಬ್ಯಾಡಿ.”

ಬುತ್ತಿಯಿಂದ ಒಂದು ಕಜ್ಜಾಯ ತೆಗೆದು ನನ್ನ ಕೈಗೂ ಕೊಟ್ಟಳು. ನಾನು ಅಳಿಸಲಿಲ್ಲ. ಆಕೆಯೇ ಬೇಡ ಎಂದಳಲ್ಲ ಎಂಬ ನೆಪ ಸಿಕ್ಕಿತ್ತು. ನಿಜ ಹೇಳಬೇಕೆಂದರೆ ದುಂಡಗೆ ಬಂದ ಬರಹವನ್ನು ಕೆಡಿಸಲು ನನಗೂ ಮನಸ್ಸಿರಲಿಲ್ಲ.

ಮಾರನೆಯ ವರ್ಷ ಕಾರ್ತಿಕದಲ್ಲಿ ಚಲುವರಾಜುವಿಗೆ ಕಾಮಾಲೆ ಆಯಿತು. ನಾಟಿ ಔಷಧಿ ಕುಡಿದ, ಪಥ್ಯ ಮಾಡಿದ, ಕಡೆಗೆ ಮಂಡ್ಯದ ಆಸ್ಪತ್ರೆಗೆ ತಂದರು. ಎಂಟು ದಿನದಲ್ಲಿ ಹೋಗಿಬಿಟ್ಟ. ಮೂವತ್ನಾಲ್ಕು ವರ್ಷ. ನನಗೆ ಸುದ್ದಿ ಮುಟ್ಟಿದ್ದು ತಿಥಿಯೂ ಕಳೆದ ಮೇಲೆ, ಚಿಕ್ಕಬೋರಮ್ಮನ ಬಾಯಿಂದಲೇ.

ಅವತ್ತು ಆಕೆ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಮಳವಳ್ಳಿ ಕಡೆಯ ಒಂದು ಸಂಸಾರ ಮಕ್ಕಳಿಗೆ ಕೂರಿಗೆ ತೋರಿಸುತ್ತಿತ್ತು. ಅವರ ನಡುವೆ ಸೀದಾ ಬಂದು ಹಲಗೆಯ ಮುಂದೆ ನಿಂತಳು.

“ಅಳುಸಿ ಅದ್ನ.”

“ಏನಾಯ್ತಮ್ಮ?”

“ನನ್ ಮಗ ಓದ ಮೇಷ್ಟ್ರೇ.” ಆಮೇಲೆ ಮಾತು ಒಂದೇ ಸಮನೆ ಬಂತು. “ಯಮ ನನಗೇಂತ ಬಂದವ್ನೆ. ಇಲ್ಲಿ ನೋಡವ್ನೆ, ಈ ಮುದ್ಕಿ ಆಗ್ಲೇ ಸತ್ತವ್ಳೆ ಅಂತ ಬರ್ದದೆ. ಬಂದೋನು ಬರಿಗೈಲಿ ಓದಾನಾ? ಪಕ್ಕದಾಗೆ ನನ್ ಮಗನ ಎಸ್ರಿತ್ತು, ಅವನ್ನ ಕರ್ಕಂಡೋದ. ನೀವು ಅಳುಸ್ತೀನಿ ಅಂದ್ರಿ. ನಾನೇ ಬ್ಯಾಡ ಅಂದೆ. ಆಯಸ್ಸಿನ ಆಸೆ ನಂಗೆ. ನನ್ ಮಗನ ಆಯಸ್ಸು ನಾನು ತಿಂದೆ.”

ಯಮನಿಗೆ ಓದು ಬರಹ ಎಲ್ಲಿಯದಮ್ಮ, ಕಾಮಾಲೆ ಯಾರನ್ನೂ ಕೇಳಿ ಬರುವುದಿಲ್ಲ, ತಪ್ಪು ಬರೆದವನು ನಾನು ಎಂದೆಲ್ಲ ಹೇಳಿದೆ. ಒಂದೂ ಆಕೆಯ ಕಿವಿಗೆ ಬೀಳಲಿಲ್ಲ. ಕೂರಿಗೆ ನೋಡುತ್ತಿದ್ದವರು ಮಕ್ಕಳನ್ನು ಎಳೆದುಕೊಂಡು ಆಚೆ ಹೋದರು. ನಾನು ಬ್ಲೇಡು ತಂದು ಕೂತೆ. ಬ್ಲೇಡು ಜಾರಿ ‘ಚಿ’ಯ ಅಂಚೂ ಸ್ವಲ್ಪ ಕಿತ್ತುಬಂತು. ಆಕೆ ಪೂರ್ತಿ ಹೋಯಿತೇ ಎಂದು ಉಗುರಿನಿಂದ ಕೆರೆದು ನೋಡಿದಳು.

“ಇನ್ ಬಂದ್ರೆ ನಾನು ಕಾಣ್ತೀನಿ ಬುಡಿ” ಎಂದಳು. ಅಳಲಿಲ್ಲ. ನನಗೇ ಅಳು ತಡೆಯಲಾಗಲಿಲ್ಲ.

ಹಲಗೆಯ ಮೇಲೆ ಬಾಗಿ, “ನನ್ ಮಗನ ಎಸ್ರು ಎಲ್ಲದೆ?” ಎಂದು ಕೇಳಿದಳು. ಆಕೆಯ ಬೆರಳು ಹಿಡಿದು ಅದರ ಮೇಲಿಟ್ಟೆ. ಬೀಸಿ ಬೀಸಿ ಕಾಯಿಗಟ್ಟಿದ ಬೆರಳು ‘ಚ’ದಿಂದ ‘ಜು’ವಿನವರೆಗೆ ಹೋಯಿತು.

“ಅವನ್ಗೂ ಆ ಅಕ್ಸರ ಆಕ್ಬೇಕಾ ಈಗ?”

ಹಾಕಬೇಕು. ಹೆಡ್‌ಮಾಸ್ಟರು ತೀರಿಹೋದವರ ಹಲಗೆಗಳನ್ನು ತಿದ್ದಿಸದೆ ಬಿಡುವವರಲ್ಲ, ನಾನಂತೂ ಅಲ್ಲವೇ ಅಲ್ಲ. ಬಣ್ಣದ ಡಬ್ಬಿ ಪಕ್ಕದಲ್ಲೇ ಇತ್ತು. ನನ್ನ ಕಣ್ಣು ಅತ್ತ ಹೋಯಿತು.

“ಆಕ್ಬ್ಯಾಡಿ ಮೇಷ್ಟ್ರೇ” ಎಂದಳು ಬೆರಳು ತೆಗೆಯದೆ. “ಒಂದ್ ಕಡೆನಾದ್ರೂ ಬದುಕಿರ್ಲಿ.”

ಯೋಗಾನರಸಿಂಹ ಅವರು ಆಮೇಲೆ ಎರಡು ಸಲ ನೆನಪಿಸಿದರು. ನಾನು ಬರೆಯಲಿಲ್ಲ.