ಜೀಪಿನ ದೀಪಕ್ಕೆ ವಿಭೂತಿ

ಆಗೋದಿಲ್ಲ ಎಂದವರಲ್ಲಿ ಮೊದಲಿಗರು ನಮ್ಮ ಸೋದರಮಾವ. “ಟಿಕೋಟಾದ ಹೆಣ್ಣುಹುಡುಗಿ ಬಿ.ಎಸ್ಸಿ. ಮುಗಸ್ತಾಳಂತ! ಬರದ್ ಕೊಡ್ತೀನಿ, ಆಗಾಂಗಿಲ್ಲ,” ಎಂದು ನಮ್ಮ ಮನೆಯ ಕಟ್ಟೆಯ ಮೇಲೆಯೇ ಕೂತು ಸಾರಿದ್ದರು. ಅದು ಎಪ್ಪತ್ತರ ದಶಕದ ಮಾತು. ಮೊನ್ನೆ ಅದೇ ಮಾತನ್ನು ಗ್ಯಾರೇಜಿನವನು ನನ್ನ ಕಾರಿನ ವಿಷಯದಲ್ಲಿ ಹೇಳಿದ.

“ಲೈಟಿನ ಪ್ಲಾಸ್ಟಿಕ್ ಮಬ್ಬಾಗೇತ್ರಿ ಟೀಚರ್. ಇದು ತಿಕ್ಕಿದ್ರ ಆಗಾಂಗಿಲ್ಲ, ಹೊಸಾದ ಹಾಕಸ್ರಿ.”

ಆಗಾಂಗಿಲ್ಲ ಎನ್ನುವ ಮಾತು ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ನನಗೆ ಸೆರಗು ಬಿಗಿಯುವ ಚಟ. ಮನೆಗೆ ಬಂದವಳೇ ಕಾರನ್ನು ಬೇವಿನ ನೆರಳಿಗೆ ನಿಲ್ಲಿಸಿದೆ. ಸುತ್ತಲಿನ ಬಣ್ಣ ಕೆಡದಂತೆ ಅಂಟುಪಟ್ಟಿ ಹಚ್ಚಿ, ನೀರಲ್ಲಿ ನೆನೆಸಿದ ಎಮರಿ ಕಾಗದದಿಂದ ದೀಪ ತಿಕ್ಕತೊಡಗಿದೆ. ಮೊದಲು ಹಳದಿ ನೀರು ಇಳಿಯಿತು, ಇನ್ನೂ ನಯವಾದ ಕಾಗದ ಹಿಡಿದಾಗ ಬೆಳ್ಳನೆಯ ರಾಡಿ. ಅದು ಮೂರು ಬೆರಳಿಗೂ ಮೆತ್ತಿಕೊಂಡಿತು. ನೋಡಿದರೆ ಹಸಿ ವಿಭೂತಿಯೇ! ಕೈ ಅಲ್ಲಿಗೇ ನಿಂತಿತು. ಕಾಕು ನೆನಪಾದಳು…

ಕಾಕು ನಮ್ಮ ರಕ್ತಸಂಬಂಧಿಯಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವಳ ಗಂಡನ ಹತ್ತಿರ ಮಿಲಿಟರಿ ಹರಾಜಿನಲ್ಲಿ ತಂದ ಒಂದು ಜೀಪಿತ್ತು. ನನಗಿಂತ ಹಿರಿಯ ಜೀಪು ಅದು. ಬೆಳಿಗ್ಗೆ ಟಿಕೋಟಾದಿಂದ ಮಂದಿಯನ್ನು ತುಂಬಿಕೊಂಡು ಬಿಜಾಪುರಕ್ಕೆ ಹೋಗುವುದು, ಸಂಜೆ ಗೋಳಗುಮ್ಮಟದ ಹತ್ತಿರ ಮತ್ತೆ ತುಂಬಿಕೊಂಡು ಬರುವುದು. ನಾನು ಕಾಲೇಜಿಗೆ ಹೋಗಲು ಅಪ್ಪ ಒಪ್ಪಿದ್ದು ಆ ಜೀಪಿನ ಭರವಸೆಯ ಮೇಲೆಯೇ. “ಕಾಕಾನ ಗಾಡ್ಯಾಗ ಹೋಗು, ಕಾಕಾನ ಗಾಡ್ಯಾಗ ಬಾ. ಬ್ಯಾರೆ ಮಾತಿಲ್ಲ,” ಎಂದಿದ್ದ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಗಂಡಸರೂ ಕಾಲೇಜಿನ ಬಾಗಿಲು ಕಂಡವರಲ್ಲ.

ಆ ಜೀಪಿನಲ್ಲಿ ಮುಂದಿನ ಸೀಟು ನಮ್ಮ ಮಾವನದು. ಬಿಜಾಪುರದಲ್ಲಿ ಕಾಳುಕಡಿಯ ದಲ್ಲಾಳಿ ನಡೆಸುವ ಅಡತಿ ಅಂಗಡಿಗೆ ಹೋಗುವ ಅವರು ಕಾಕಾನ ಪಕ್ಕ ರುಮಾಲು ಸುತ್ತಿ ಕೂತರೆ, ನಾನು ಹಿಂದೆ ಚೀಲ, ಬುಟ್ಟಿಗಳ ನಡುವೆ ಪುಸ್ತಕ ಅವಚಿಕೊಂಡು ಕೂಡುತ್ತಿದ್ದೆ.

ಎರಡು ವರ್ಷ ಹೇಗೋ ಸಾಗಿತು. ಕೊನೆಯ ವರ್ಷ ಪ್ರಾಕ್ಟಿಕಲ್ ತರಗತಿಗಳು ಸಂಜೆಗೆ ಬಂದವು. ಮುಗಿಯುವ ಹೊತ್ತಿಗೆ ಹೊತ್ತು ಮುಳುಗುತ್ತಿತ್ತು. ಕಾಕಾ ಮಾತ್ರ ಬೆಳಕಿದ್ದಾಗಲೇ ಜೀಪು ಬಿಡುತ್ತಿದ್ದ. ಯಾಕೆಂದರೆ ಆ ಜೀಪಿನ ದೀಪಗಳು ಹೆಸರಿಗಷ್ಟೇ ದೀಪ. ಹೊರಗಿನ ಗಾಜು ಮಬ್ಬು, ಒಳಗೆ ಬೆಳಕನ್ನು ಮುಂದಕ್ಕೆ ಚೆಲ್ಲುವ ಬಟ್ಟಲು ಕಪ್ಪು. ಒಮ್ಮೆ ಮುಸ್ಸಂಜೆಯಲ್ಲಿ ಮುಂದಿದ್ದ ಚಕ್ಕಡಿ ಕಾಣದೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿತ್ತು. ಆ ಹಳೆಯ ಮಾದರಿಯ ದೀಪ ಬಿಜಾಪುರದಲ್ಲಿ ಎಲ್ಲೂ ಸಿಗುತ್ತಿರಲಿಲ್ಲ. ನಾನು ಜೀಪು ಹಿಡಿಯಲು ಪ್ರಾಕ್ಟಿಕಲ್ ಬಿಟ್ಟು ಓಡಿಬರತೊಡಗಿದೆ. ಕಡೆಗೆ ಮೇಷ್ಟ್ರು ಖಡಾಖಂಡಿತ ಹೇಳಿದರು: ಹೀಗೇ ತಪ್ಪಿಸಿದರೆ ಪರೀಕ್ಷೆಗೆ ಕೂಡಿಸುವುದಿಲ್ಲ.

ಮನೆಯಲ್ಲಿ ವಿಷಯ ತಿಳಿದ ಮೇಲೆ ಮಾವ ಬಂದು ಕಟ್ಟೆ ಹತ್ತಿದರು. “ನಾ ಮೊದಲ ಹೇಳಿದ್ದಿಲ್ಲೇನು? ಇನ್ನರ ವರಾ ನೋಡ್ರಿ.” ಗೋಡೆಯಾಚೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಕಾಕು ನಮ್ಮ ಅಂಗಳಕ್ಕೆ ಬಂದು ಅಲ್ಲಿಂದಲೇ ಗಂಡನನ್ನು ಕೂಗಿ ಕರೆದಳು.

“ಏನ್ರಿ, ದೀಪ ಛಲೋ ಹತ್ತಿದ್ರ ಹೊತ್ತ ಮುಳುಗಿದ ಮ್ಯಾಲ ಗಾಡಿ ಹೊಡೀತೀರಿಲ್ಲೋ?”

“ಹತ್ತಿದ್ರ ಸೊಲ್ಲಾಪುರಕ್ಕೂ ಹೊಡೀತೀನಿ. ಹತ್ತಬೇಕಲ್ಲ!”

“ಹಂಗಾರ ಬಿಚ್ಚಿ ಕೊಡ್ರಿ. ನಾ ಬೆಳಗತೀನಿ.”

ಮಾವ ನಕ್ಕರು. “ಇದು ನಿನ್ನ ಕೊಡಾ ತಂಬಗಿ ಅಲ್ಲ ಬೇ.”

ಆ ಭಾನುವಾರ ಕಾಕಾ ಎರಡೂ ದೀಪ ಬಿಚ್ಚಿ ಹಿತ್ತಲಿನ ಕಲ್ಲಿನ ಮೇಲೆ ಇಟ್ಟ. ಗಾಜುಗಳನ್ನು ನಾನು ಸೋಸಿದ ಬೂದಿಯಲ್ಲಿ ತಿಕ್ಕಿ ತೊಳೆದೆ. ಅವು ಬೇಗ ತಿಳಿಯಾದವು. ಒಳಗಿನ ಬಟ್ಟಲನ್ನು ಕಾಕು ಕೈಗೆ ತೆಗೆದುಕೊಂಡಳು. ನಮ್ಮ ಕಡೆ ತಾಮ್ರ, ಹಿತ್ತಾಳೆ ಏನೇ ಕಪ್ಪಾಗಲಿ, ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಇಷ್ಟೇ ಗೊತ್ತು. ಹಬ್ಬದ ಮುಂದೆ ಹಂಡೆ ಬೆಳಗುವ ಹುರುಪಿನಲ್ಲಿ ಕಾಕು ತಿಕ್ಕಿಯೇ ತಿಕ್ಕಿದಳು. ಕಪ್ಪೇನೋ ಹೋಯಿತು. ಅದರ ಹಿಂದೆ ಬೆಳ್ಳನೆಯ ಪದರವೂ ಹೋಯಿತು! ಹಳದಿ ಹಿತ್ತಾಳೆ ಗೀರುಗೀರಾಗಿ ಹಲ್ಲು ಕಿಸಿಯಿತು.

ಕಾಕಾ ಬಂದು ನೋಡಿ ತಲೆಗೆ ಕೈ ಹಚ್ಚಿದ. “ಅಯ್ಯ ನನ್ನವ್ವ! ದೀಪ ಕೊಟ್ರ ಕುಂಕುಮದ ಪಂಚಪಾಳ ಮಾಡಿಟ್ಟಿಯಲ್ಲ!”

ಸುದ್ದಿ ಕೇಳಿ ಮಾವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು: “ಮೊದಲ ಜೀಪಿಗೆ ಕಣ್ಣ ಮಂಜಿತ್ತು. ಈಗ ಒಂದು ಪೂರಾ ಕುರುಡ ಆತು ನೋಡ್ರಿ.”

ಕಾಕು ಮೊದಲ ಸಲ ಸಪ್ಪಗಾದಳು. ನಾನು ಉಳಿದ ಬಟ್ಟಲನ್ನು ಬಿಸಿಲಿಗೆ ಹಿಡಿದು ನೋಡಿದೆ. ಅಂಚಿನಲ್ಲಿ, ಕಪ್ಪಿನ ಸಂದಿಯಲ್ಲಿ, ಕನ್ನಡಿಯಂತೆ ಒಂದು ಚೂರು ಹೊಳೆಯಿತು. “ಕಾಕು, ಹಿತ್ತಾಳಿ ಮ್ಯಾಲ ಬೆಳ್ಳಿ ನೀರ ಕುಡಿಸ್ಯಾರ. ತೆಳ್ಳಗೈತಿ, ಅದಕ್ಕ ಎದ್ದ ಹೋತು.”

ಕಾಕು ಸೊಂಟಕ್ಕೆ ಕೈಯಿಟ್ಟು ನಿಂತಳು. “ಬೆಳ್ಳಿ ಅಂತ ಮೊದಲ ಬೊಗಳಬಾರದೇನ ಲೇ? ನಾ ನನ್ನ ಕರಡಗಿಗೆ ಎಂದಾದ್ರೂ ಹುಣಸಿಹಣ್ಣ ಮುಟ್ಟಸ್ತೀನೇನು?”

ಕರಡಿಗೆ ಎಂದರೆ ಕೊರಳಲ್ಲಿ ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಭರಣಿ. ಅದನ್ನು ಅವಳು ವಿಭೂತಿಯಿಂದ ಬೆಳಗುತ್ತಿದ್ದಳು. ಒಳಗೆ ಓಡಿ ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದಳು, ಪುಡಿ ಮಾಡಿ ತೆಳ್ಳನೆಯ ಮಲ್ಲು ಬಟ್ಟೆಯಲ್ಲಿ ಸೋಸಿದಳು. ಕಾಕಾನ ಹಳೆಯ ಧೋತರ ಹರಿದು, ಮೂರು ಬೆರಳಿಗೆ ಸುತ್ತಿ, ಕೂಸಿನ ಕೆನ್ನೆ ಸವರುವಂತೆ ಸುತ್ತಿಸುತ್ತಿ ಸವರಿದಳು. ಕಪ್ಪು ಮೆಲ್ಲಗೆ ಬಟ್ಟೆಗೆ ಬಂತು. ಬಟ್ಟಲಿನೊಳಗೆ ಮೊದಲು ಆಕಾಶ ಕಂಡಿತು, ಆಮೇಲೆ ಕಾಕುವಿನ ಮುಖ ತಲೆಕೆಳಗಾಗಿ ಕಂಡಿತು.

“ಶಿವನಾ! ವಿಭೂತಿ ಹಣಿಗೆ ಹಚ್ಚೂದ ಬಿಟ್ಟು ಗಾಡಿಗೆ ಹಚ್ಚಾಕತ್ತೀರಲ್ಲ!” ಎಂದು ಅವ್ವ ಗಲ್ಲ ಗಲ್ಲ ಬಡಿದುಕೊಂಡಳು.

“ಹಚ್ಕೊಳ್ಳಲಿ ಬಿಡಬೇ. ಅದೂ ನಮ್ಮ ಓಣಿದ ಐತಿ,” ಎಂದಳು ಕಾಕು, ತಲೆ ಎತ್ತದೆ.

ಕೆಟ್ಟ ಬಟ್ಟಲನ್ನು ಮರುದಿನ ನಾನೇ ಬಿಜಾಪುರದ ಕಲಾಯಿಯವನ ಹತ್ತಿರ ಒಯ್ದೆ. ಅವನು ತಿರುವಿ ಮುರುವಿ ನೋಡಿ, “ಇದರಾಗ ಏನ ಅಡಗಿ ಮಾಡ್ತೀರ್ರಿ ಅಕ್ಕಾರ?” ಎಂದು ನಗಾಡಿದ. ಕುಲುಮೆಯಲ್ಲಿ ಕಾಸಿ, ನವಸಾಗರ ಉದುರಿಸಿ, ತವರ ಸವರಿ, ಅರಳೆಯಿಂದ ಒಂದೇ ಸುತ್ತು ಒರೆಸಿದ. ಬೆಳ್ಳಿಯಷ್ಟಲ್ಲದಿದ್ದರೂ ಬೆಳ್ಳಗಾಯಿತು.

ದೀಪ ಕೂಡಿಸಿದ ಮೇಲೆ ಮೊದಲ ಪ್ರಾಕ್ಟಿಕಲ್ ದಿನ ಬಂತು. ಆ ವರ್ಷ ನಾನು ಮೊಟ್ಟಮೊದಲ ಸಲ ಪೂರ್ತಿ ಹೊತ್ತು ನಿಂತು ಪ್ರಯೋಗ ಮುಗಿಸಿ ಬಂದೆ. ಗೋಳಗುಮ್ಮಟದ ನೆತ್ತಿಯ ಮೇಲಿನ ಕೆಂಪು ಆರಿತ್ತು. ಜೀಪು ನನಗಾಗಿ ನಿಂತಿತ್ತು. ಮುಂದೆ ಮಾವ, ರುಮಾಲಿನೊಳಗೆ ಮುಖ ಸಿಂಡರಿಸಿಕೊಂಡು. ಊರು ದಾಟಿ ಇಟ್ಟಂಗಿಹಾಳದ ದಾರಿ ಹಿಂದಾಗುವ ಹೊತ್ತಿಗೆ ಕತ್ತಲಾಯಿತು. ಕಾಕಾ ಗುಂಡಿ ಎಳೆದ.

ರಸ್ತೆ ಎದ್ದು ಕುಳಿತಂತೆ ಕಂಡಿತು! ಒಂದು ಕಡೆ ಬೆಳ್ಳಿ ಬೆಳಕು, ಇನ್ನೊಂದು ಕಡೆ ತವರದ ಬೆಳಕು. ದೂರದಲ್ಲಿ ಬಿಜ್ಜರಗಿ ಕಡೆಯ ಕುರಿಹಿಂಡೊಂದು ದಾರಿ ದಾಟುತ್ತಿತ್ತು. ಕಣ್ಣುಗಳೆಲ್ಲ ಮಿಣಿಮಿಣಿ ಮಿಂಚಿದವು. ಕಾಕಾ ಅವಸರವಿಲ್ಲದೆ ಬ್ರೇಕು ಒತ್ತಿ, ಅಷ್ಟು ದೂರದಲ್ಲೇ ಗಾಡಿ ನಿಲ್ಲಿಸಿದ. ಮಾವ ಮುಂದಕ್ಕೆ ಬಗ್ಗಿದರು. ಬಾಯಿಂದ ತಾನಾಗಿಯೇ ಬಂತು:

“ಯಪ್ಪಾ… ಇಲ್ಲಿಂದನ ಕುರಿ ಎಣಿಸಾಕ ಬರ್ತದಲ್ಲೋ!”

ಹಿಂದೆ ಚೀಲಗಳ ನಡುವೆ ಕೂತಿದ್ದ ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಅಲ್ಲಿಂದ ಮುಂದೆ ಒಂದು ಪ್ರಾಕ್ಟಿಕಲ್ಲೂ ತಪ್ಪಲಿಲ್ಲ.

…ಮೊನ್ನೆ ನನ್ನ ಕಾರಿನ ದೀಪವೂ ತಿಳಿಯಾಯಿತು. ಪಾಲಿಷ್ ಹಚ್ಚಿ ಒರೆಸಿ, ಮೇಲೆ ಮೇಣ ಸವರಿದೆ. ಸಂಜೆ ಹಚ್ಚಿ ನೋಡಿದರೆ ಎದುರಿನ ಕಾಂಪೌಂಡಿನ ಇಟ್ಟಿಗೆ ಇಟ್ಟಿಗೆಯೂ ಕಂಡಿತು. ಯಾರನ್ನೋ ಕರೆದು ತೋರಿಸಬೇಕೆಂದು ಹಿಂದೆ ತಿರುಗಿದೆ. ಕರೆಯಬೇಕಾದವಳು ಇಲ್ಲ. ಕಾಕು ಹೋಗಿ ಬಹಳ ವರ್ಷಗಳಾದವು. ಕಾಕಾ, ಮಾವ, ಆ ಜೀಪು, ಯಾವುದೂ ಉಳಿದಿಲ್ಲ. ನಮ್ಮ ಎರಡು ಮನೆಗಳ ನಡುವಿನ ಆ ಗೋಡೆಯೂ ಬಿದ್ದಿದೆ. ಅಷ್ಟು ಬೆಳಕಿನಲ್ಲಿ ಒಬ್ಬಳೇ ನಿಂತಿದ್ದೆ. ಆದರೂ ಸುಮ್ಮನೆ ಅಳಲು ಆಗಲಿಲ್ಲ. ಪದವಿ ಪತ್ರ ಬಂದ ದಿನ ಅವಳಿದ್ದಳಲ್ಲ, ಅದು ನೆನಪಾಯಿತು.

ಅಂದು ಹಟ ಹಿಡಿದು ನನ್ನ ಜೊತೆ ಬಿಜಾಪುರಕ್ಕೆ ಬಂದಿದ್ದಳು. ಕಾಲೇಜಿನ ಕಚೇರಿಯಲ್ಲಿ ಪತ್ರ ನನ್ನ ಕೈಗೆ ಬಂತು. ನಾನು ಅದನ್ನು ನೇರ ಅವಳ ಕೈಗೆ ಕೊಟ್ಟೆ. ಎರಡೂ ಕೈ ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡಳು. ಓದಲು ಬಾರದು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟುಕೊಂಡೇ ಜೀಪಿನ ತನಕ ನಡೆದಳು.

ಮುಂದಿನ ಸೀಟಿನಲ್ಲಿ ಮಾವ ಕೂತಿದ್ದರು. ಪತ್ರ ನೋಡಿದರು, ನನ್ನನ್ನು ನೋಡಿದರು, ಕಾಕುವಿನ ಬೆರಳನ್ನು ನೋಡಿದರು. ಆಮೇಲೆ ಕೆಳಗಿಳಿದು, ರುಮಾಲು ತೆಗೆದು ಸೀಟಿನ ಧೂಳು ಕೊಡವಿದರು.

“ಬಾರವ್ವ ನನ್ನ ಬಿ.ಎಸ್ಸಿ.! ಕಾಕುನ್ನೂ ಕರಕೊಂಡು ಮುಂದ ಕೂಡು. ನಾ ಹಿಂದ ಕುರಿ ಎಣಿಸ್ಕೋತ ಬರ್ತೀನಿ.”