ಅಟ್ಟಕ್ಕೆ ಹಾಸಿದ ಟೀವಿ ಡಬ್ಬ

ನಮ್ಮ ಹಳೆಯ ಟೀವಿ ಕೊನೆಕೊನೆಗೆ ಎಲ್ಲರನ್ನೂ ನೀಲಿಯಾಗಿ ತೋರಿಸುತ್ತಿತ್ತು. ವಾರ್ತೆ ಓದುವವಳು ನೀಲಿ, ಧಾರಾವಾಹಿಯ ಮದುವಣಗಿತ್ತಿ ನೀಲಿ. ನಮ್ಮ ಯಜಮಾನರು ಬಹಳ ದಿನ ಹಾಗೇ ನೋಡಿದರು. ಕೊನೆಗೊಂದು ದಿನ, "ನಡಿಯೇ, ಇನ್ನು ಮನುಷ್ಯರ ಬಣ್ಣದೋರನ್ನ ನೋಡಾನ" ಎಂದು ನನ್ನನ್ನೂ ಕರೆದುಕೊಂಡು ಶೆಟ್ಟಿಕೆರೆಯಿಂದ ತಿಪಟೂರಿನ ಬಸ್ಸು ಹತ್ತಿದರು.

ನಾವು ಕೊಂಡ ಟೀವಿಗೆ ಒಂದು ಆಫರ್ ಇತ್ತು. ಒಳಗಿರುವ ಕೂಪನ್ನು ತುಂಬಿ, ಬಿಲ್ಲಿನ ಪ್ರತಿಯ ಜೊತೆ ಕಂಪನಿಗೆ ಅಂಚೆಯಲ್ಲಿ ಕಳಿಸಿದರೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ವಾಪಸ್ಸು ಬರುತ್ತದೆ ಎಂದು ಅಂಗಡಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು. ಅಂಗಡಿಯವನು ನಮ್ಮವರಿಗೆ ಹಳೆಯ ಪರಿಚಯ, ದೊಡ್ಡ ಹೊಟ್ಟೆಯ ಮನುಷ್ಯ.

"ಅದನ್ನ ನೆಚ್ಕೋಬೇಡಿ ಕಣ್ರೀ" ಎಂದ ಅವನು. "ಇಷ್ಟು ವರ್ಷ ಅಂಗ್ಡಿ ಮಡಗಿದ್ದೀನಿ, ಒಬ್ರಿಗಾದ್ರೂ ಬಂದಿದ್ದು ಕಂಡಿಲ್ಲ."

"ಮತ್ಯಾಕಪ್ಪ ಗೋಡೆ ತುಂಬ ಅಂಟ್ಸಿದ್ದೀಯ?"

"ಅಂಟ್ಸಿದ್ದು ಕಂಪ್ನಿಯೋರು. ಗೋಡೆ ಮಾತ್ರ ನಂದು."

"ನಂಗೆ ಬತ್ತದೆ, ನೋಡು."

"ಬಂದ್ರೆ ನಿಮ್ಮನೆ ಅಟ್ಟದ ಕಾಯಿ ನಾನೇ ಬಂದು ಇಳಿಸ್ಕೊಡ್ತೀನಿ, ಹೋಗಿ."

"ಹೊಟ್ಟೆ ನೋಡ್ಕೊಂಡು ಮಾತಾಡು. ನಮ್ಮನೆ ಏಣಿ ತಡೀಬೇಕಲ್ಲ."

ಇಬ್ಬರೂ ನಕ್ಕರು. ಆದರೆ ನಮ್ಮವರು "ನಂಗೆ ಬತ್ತದೆ" ಎಂದಿದ್ದನ್ನು ನಗುವಿಗಷ್ಟೇ ಆಡಿರಲಿಲ್ಲ ಎಂದು ನನಗೆ ಗೊತ್ತಿತ್ತು. ಕಂದಿಕೆರೆಯ ಒಂದು ಮದುವೆಯಲ್ಲಿ ಅವರ ಚಪ್ಪಲಿ ಯಾರದೋ ಜೊತೆ ಅದಲು ಬದಲಾದಾಗ, ಮಾರನೆಯ ದಿನ ಮತ್ತೆ ಅಲ್ಲಿಗೆ ಹೋಗಿ, ಊಟ ಮಾಡಿದವರ ಮನೆ ಮನೆ ವಿಚಾರಿಸಿ, ತಮ್ಮದನ್ನೇ ಹಾಕಿಕೊಂಡು ಬಂದವರು ಅವರು.

ಟೀವಿ ಗೋಡೆಗೆ ಏರಿತು. ಅದರ ದೊಡ್ಡ ರಟ್ಟಿನ ಡಬ್ಬ ಉಳಿಯಿತು. ಅದು ಕೊಬ್ಬರಿಗೆಂದು ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕುವ ಕಾಲ. ನಮ್ಮ ಕಡೆಯ ಅಟ್ಟಕ್ಕೆ ಹಲಗೆ ಹೊಡೆಯುವುದಿಲ್ಲ. ಅಡಿಕೆ ಮರ ಸೀಳಿದ ದಬ್ಬೆಗಳನ್ನು ಸಂದು ಬಿಟ್ಟು ಜೋಡಿಸಿ ತೆಂಗಿನ ಹಗ್ಗದಲ್ಲಿ ಬಿಗಿಯುತ್ತೇವೆ. ಕೆಳಗಿನ ನೀರೊಲೆಯ ಹೊಗೆ ಆ ಸಂದಿನಲ್ಲೇ ಮೇಲೇರಿ ಕಾಯಿಗೆ ತಾಗಬೇಕು. ಆ ವರ್ಷ ಮೂಲೆಯ ಒಂದು ದಬ್ಬೆ ಮುರಿದಿತ್ತು. ಸಣ್ಣ ಕಾಯಿ ತೂರಿಕೊಂಡು ಬೀಳಬಾರದೆಂದು ನಮ್ಮವರು ಟೀವಿ ಡಬ್ಬವನ್ನು ಬಿಡಿಸಿ ಅಲ್ಲಿಗೆ ಹಾಸಿದರು. ಅದರ ಮೇಲೆ ಕಾಯಿ ಸುರಿದರು. ಒಳ್ಳೆಯ ರಟ್ಟನ್ನು ದಂಡ ಮಾಡಲಿಲ್ಲವೆಂದು ನನಗೂ ಸಮಾಧಾನವಾಯಿತು.

ಆಮೇಲೆ ಕೂಪನ್ನು ತುಂಬಿ, ಬಿಲ್ಲಿನ ಪ್ರತಿ ಇಟ್ಟು, ಲಕೋಟೆಯನ್ನು ರಿಜಿಸ್ಟರ್ ಮಾಡಿ ಕಳಿಸಿದರು. ದಿನಾ ಫೋನು ನೋಡುತ್ತಿದ್ದರು. "ಪರಿಶೀಲನೆಯಲ್ಲಿದೆ" ಎಂಬ ಒಂದೇ ಸಂದೇಶ ಮತ್ತೆ ಮತ್ತೆ ಬರುತ್ತಿತ್ತು. "ಪರಿಶೀಲ್ಸಲಿ, ಪರಿಶೀಲ್ಸಲಿ. ನಾನೆಲ್ಲೋಗ್ತೀನಿ" ಎನ್ನುತ್ತಿದ್ದರು.

ಅವರೇ ಹೋದರು. ತೋಟದಿಂದ ಬಂದು ಎದೆ ಉರಿ ಎಂದು ಜಗಲಿಯ ಮೇಲೆ ಮಲಗಿದವರು ಆಸ್ಪತ್ರೆ ಮುಟ್ಟಲಿಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಇನ್ನೂ ಬರುವುದಿಲ್ಲ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಗೂಡಿನಲ್ಲಿಟ್ಟಿದ್ದ ಅವರ ಫೋನು ಸದ್ದು ಮಾಡಿತು. ಅದನ್ನು ಆರಿಸಲು ಮನಸ್ಸು ಬಾರದೆ ಚಾರ್ಜಿಗೆ ಹಾಕುತ್ತಲೇ ಇದ್ದೆ. ಸಂದೇಶ ಇಂಗ್ಲಿಷಿನಲ್ಲಿತ್ತು. ನನ್ನ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದೆ. ಡಬ್ಬದ ಮೇಲೆ ಅಚ್ಚಾದ ಕಪ್ಪು ಗೆರೆಗಳ ಚೌಕವನ್ನು ಕತ್ತರಿಸಿ ಕಳಿಸಿಲ್ಲ, ತಿಂಗಳ ಕೊನೆಯೊಳಗೆ ಬಾರದಿದ್ದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂದಿತ್ತು. ಅವರ ಹೆಸರಿನ ಪಕ್ಕದಲ್ಲಿ ಆ ಪದ ಕಂಡಿದ್ದೇ ನನಗೆ ತಡೆಯಲಾಗಲಿಲ್ಲ. ಅವರು ಕೊನೆಯದಾಗಿ ಹಿಡಿದ ಕೆಲಸ ಅದು. ಅದನ್ನು ಸೋಲಲು ಬಿಡಬಾರದು ಎನ್ನಿಸಿತು.

ಸಹಾಯವಾಣಿಗೆ ಫೋನು ಮಾಡಿದೆ. ಒಂದನ್ನು ಒತ್ತಿ, ನಾಲ್ಕನ್ನು ಒತ್ತಿ ಎಂದು ಅಲೆದಾಡಿಸಿ, ಸಂಗೀತ ಕೇಳಿಸಿ, ಕೊನೆಗೊಬ್ಬ ಹುಡುಗಿ ಸಿಕ್ಕಳು.

"ಮೇಡಂ, ಗ್ರಾಹಕರ ಹತ್ರಾನೇ ಮಾತಾಡ್ಬೇಕು. ಅವ್ರಿಗೆ ಕೊಡಿ."

"ಅವ್ರಿಲ್ಲಮ್ಮ."

"ಯಾವಾಗ ಬರ್ತಾರೆ ಮೇಡಂ?"

"ಬರಲ್ಲಮ್ಮ."

"ಪರ್ವಾಗಿಲ್ಲ, ಬಂದ್ಮೇಲೆ ಕಾಲ್ ಮಾಡ್ಸಿ" ಎಂದು ಇಟ್ಟಳು.

ಪಕ್ಕದ ಮನೆಯಲ್ಲಿರುವ ನನ್ನ ಓರಗಿತ್ತಿ, ಮೈದುನನ ಹೆಂಡತಿ, ಇದನ್ನೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಬುಡಕ್ಕ ಅತ್ಲಾಗೆ. ಹೋದೋರ ಹೆಸ್ರಲ್ಲಿ ಟೀವಿ ಕಂಪ್ನಿ ಮೇಲೆ ಜಗಳಕ್ಕೆ ಹೋಗಿದ್ದು ನಮ್ ವಂಶದಲ್ಲಿ ನೀನೇ ಮೊದ್ಲು" ಎಂದಳು. ನಾನು ಮತ್ತೆ ನಂಬರು ಒತ್ತಿದೆ. ಈ ಸಲ ಹಲೋ ಎಂದ ತಕ್ಷಣ, "ಅವರು ತೀರಿಕೊಂಡಿದ್ದಾರೆ. ನಾನು ಅವರ ಹೆಂಡತಿ. ಏನು ಕಳಿಸಬೇಕು ಹೇಳಿ" ಎಂದೆ. ಅದುವರೆಗೆ ಆ ಮಾತನ್ನು ನಾನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಈ ಸಲ ಸಿಕ್ಕ ಹೆಂಗಸು, ಮರಣ ಪ್ರಮಾಣಪತ್ರದ ಪ್ರತಿ, ನನ್ನ ಪಾಸ್‌ಬುಕ್ಕಿನ ಮೊದಲ ಪುಟ ಸಾಕು ಎಂದಳು. "ಆದ್ರೆ ಡಬ್ಬದ ಆ ತುಂಡು ಬೇಕೇ ಬೇಕು ಮೇಡಂ. ಜೆರಾಕ್ಸ್ ನಡೆಯಲ್ಲ."

ಡಬ್ಬ ಅಟ್ಟದ ಮೇಲೆ, ಅದರ ಮೇಲೆ ಕಾಯಿಯ ರಾಶಿ. ಅಟ್ಟಕ್ಕೆ ಹಾಕಿದ ಕಾಯಿಯನ್ನು ನಡುವೆ ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಅದಕ್ಕೆ ಹೆಚ್ಚುಕಡಿಮೆ ವರ್ಷ ಬೇಕು. ಅದಕ್ಕೂ ಮೊದಲು ಕದಲಿಸಿದರೆ ಕೊಬ್ಬರಿ ಕೆಡುತ್ತದೆ. ಮೈದುನ, "ಕಾಯಿಗೆ ಕೈ ಹಾಕ್ಬೇಡ ಅತ್ತಿಗೆ, ಅಣ್ಣನೇ ಇದ್ದಿದ್ರೂ ಹಾಕ್ತಿರ್ಲಿಲ್ಲ" ಎಂದ. ಅದು ನಿಜ. ಅವರು ಹಾಕುತ್ತಿರಲಿಲ್ಲ. ಆದರೆ ಸುಮ್ಮನೂ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ನೀರೊಲೆಗೆ ಸೋಗೆ ತುರುಕುತ್ತಾ ಕುಳಿತಿದ್ದವಳು ತಲೆ ಎತ್ತಿ ನೋಡಿದೆ. ಮೂಲೆಯಲ್ಲಿ, ದಬ್ಬೆಯ ಸಂದಿನಲ್ಲಿ, ರಟ್ಟಿನ ಹೊಟ್ಟೆ ಕಾಣುತ್ತಿತ್ತು. ಹೊಗೆ ಹಿಡಿದ ಆ ರಟ್ಟಿನ ಮೇಲೆ ಕಪ್ಪು ಗೆರೆಗಳು. ಅರ್ಧ ಸಂದಿನಲ್ಲಿ, ಅರ್ಧ ದಬ್ಬೆಯ ಹಿಂದೆ. ಮೇಲಿನಿಂದ ಕಾಯಿ ಸರಿಸುವ ಮಾತೇ ಬೇಡ, ಕೆಳಗಿನಿಂದಲೇ ಕತ್ತರಿಸಬಹುದಿತ್ತು.

ಓರಗಿತ್ತಿಯನ್ನು ಕೂಗಿದೆ. ಅವಳು ಏಣಿ ಹಿಡಿದಳು. ನಾನು ಹತ್ತಿ, ದಬ್ಬೆಯ ಒಂದು ತುದಿಯ ಹಗ್ಗ ಬಿಚ್ಚಿ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಗೆರೆಗಳ ಚೌಕ ಪೂರ್ತಿ ಕಂಡಿತು, ಎರಡು ಅಂಗೈಯಗಲ. ಬ್ಲೇಡಿನಿಂದ ನಾಲ್ಕೂ ಕಡೆ ಕೊಯ್ದೆ.

"ಅಕ್ಕಾ, ಮೇಲಿಂದ ಕಾಯಿ ಬಿದ್ರೆ?"

"ಬಿದ್ರೆ ನಿನ್ ತಲೆ ಮೇಲೆ ಬೀಳ್ತದೆ. ಗಟ್ಟಿ ಇದೆ ಬುಡು."

ತುಂಡು ಕೈಗೆ ಬಂತು. ಅದರ ಹಿಂದೆಯೇ ಒಂದು ಸಣ್ಣ ಕಾಯಿ ತೂತಿನಲ್ಲಿ ಇಣುಕಿ, ನನ್ನ ಭುಜ ಸವರಿ, ನೇರವಾಗಿ ಇನ್ನೂ ಬಿಸಿಯಾಗದ ನೀರಿನ ಹಂಡೆಗೆ ಬಿತ್ತು. ಇಬ್ಬರೂ ನೆನೆದೆವು. ಓರಗಿತ್ತಿ ಏಣಿ ಬಿಡದೆ ನಗತೊಡಗಿದಳು. ನಾನೂ ನಕ್ಕೆ. ಅವರು ಹೋದ ಮೇಲೆ ಅದೇ ಮೊದಲು. ನಗುತ್ತಲೇ ತೂತಿಗೆ ಗೋಣಿತಾಟು ತುರುಕಿ, ದಬ್ಬೆಯನ್ನು ಮತ್ತೆ ಎಳೆದು ಬಿಗಿದೆ.

ತುಂಡಿಗೆ ಮಸಿ ಹಿಡಿದಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸೋಣ ಎಂದಳು ಓರಗಿತ್ತಿ. ನಮ್ಮಲ್ಲಿ ತಲೆನೋವಿನಿಂದ ಹಿಡಿದು ಬಾಗಿಲ ಕೀಲಿನವರೆಗೆ ಎಲ್ಲಕ್ಕೂ ಅದೇ ಮದ್ದು. "ರಟ್ಟು ಹಪ್ಪಳ ಆಯ್ತದೆ ಕಣೇ" ಎಂದು ತಡೆದೆ. ಚಪಾತಿ ಹಿಟ್ಟಿನ ಉಂಡೆ ಮಾಡಿ ಮೆಲ್ಲಗೆ ಒತ್ತಿ ಒತ್ತಿ ತೆಗೆದೆವು. ಹಿಟ್ಟು ಕಪ್ಪಾಯಿತು, ಗೆರೆಗಳ ನಡುವಿನ ಬಿಳುಪು ಬಂತು. ಅವತ್ತೇ ಅಂಚೆಗೆ ಹಾಕಿದೆ.

ಮತ್ತೆ ಅದೇ "ಪರಿಶೀಲನೆಯಲ್ಲಿದೆ." ಒಮ್ಮೆ ಸಹಿ ಹೊಂದುತ್ತಿಲ್ಲವೆಂದರು. ಅದು ಅವರ ಸಹಿ, ಇದು ನನ್ನದು ಎಂದು ವಿವರಿಸಿದೆ. ಒಮ್ಮೆ ಪಾಸ್‌ಬುಕ್ಕಿನ ಪುಟ ಮಸುಕಾಗಿದೆ ಎಂದರು, ಇನ್ನೊಂದು ಪ್ರತಿ ಕಳಿಸಿದೆ. ಪ್ರತಿ ಸಲವೂ ನಮ್ಮವರು ತೀರಿಕೊಂಡ ವಿಷಯವನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಹೇಳಿ ಹೇಳಿ ನನ್ನ ದನಿ ನಡುಗುವುದು ನಿಂತಿತು. ಮನೆಗೆ ಬಂದು ಸಮಾಧಾನ ಹೇಳಿದವರಿಂದ ಆಗದ್ದು ಈ ಕಂಪನಿಯವರ ಕಾಟದಿಂದ ಆಯಿತು.

ಒಂದು ಮಧ್ಯಾಹ್ನ ಅವರ ಫೋನು ಸದ್ದು ಮಾಡಿತು. ಅರ್ಜಿ ಅಂಗೀಕಾರವಾಗಿದೆ, ಹಣ ಜಮೆಯಾಗಿದೆ ಎಂದಿತ್ತು. ಸಂದೇಶದ ಮೊದಲಿಗೆ ಅವರದೇ ಹೆಸರು. ಫೋನು ಸೆರಗಿನಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ತಿಪಟೂರಿಗೆ ಹೋಗಿ, ಅಂಗಡಿಯ ಕಟ್ಟೆಯ ಮೇಲೆ ಇಟ್ಟೆ. ಅಂಗಡಿಯವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಬಂದೇಬಿಡ್ತಾ?"

"ಅವರು ಹೇಳಿರಲಿಲ್ವಾ?"

ಅವನು ಗೋಡೆಯ ಕಡೆ ನೋಡಿದ. ಅಲ್ಲಿ ಈಗ ಬೇರೆ ಆಫರ್ ಅಂಟಿಸಿತ್ತು. "ಹೇಳಿದ್ರು ಕಣಮ್ಮ" ಎಂದ. "ಅಟ್ಟ ಇಳ್ಸೋ ದಿನ ಫೋನ್ ಮಾಡಿ. ಮಾತು ಅಂದ್ರೆ ಮಾತು."

ಅಟ್ಟ ಇಳಿಸುವ ದಿನ ಅವನು ಬಂದ. ಇಸ್ತ್ರಿ ಶರಟು ಕಳಚಿಟ್ಟು, ಬನಿಯನ್ನಿನಲ್ಲಿ ಏಣಿ ಹತ್ತಿದ. ಏಣಿ ಕಿರುಗುಟ್ಟಿತು, ತಡೆಯಿತು. ಮೊದಲ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಗುಡುಗುಡು ಎಂದಿತು. ಒಂದೊಂದಾಗಿ ಕೊಟ್ಟ, ಮೈದುನ ಈಸಿಕೊಂಡ. ಮೂಲೆ ಖಾಲಿಯಾದಾಗ ಗೋಣಿತಾಟು ಕಿತ್ತು, ರಟ್ಟಿನ ಚೌಕ ತೂತಿನಲ್ಲಿ ಮುಖವಿಟ್ಟು ಕೆಳಗೆ ನನ್ನನ್ನು ನೋಡಿದ.

"ಇದೇನಾ ಅದು?"

"ಅದೇ."

"ಯಜಮಾನ್ರೇ, ನೀವೇ ಗೆದ್ರಿ ಕಣ್ರೀ" ಎಂದು ಯಾರಿಗೋ ಹೇಳುವಂತೆ ಮೆಲ್ಲಗೆ ಹೇಳಿದ. ಆಮೇಲೆ ನನ್ನನ್ನು ಕೇಳಿದ. "ಈ ಹಳೇ ರಟ್ಟು ಎಸೆಯಾನ?"

"ಬೇಡ, ಅಲ್ಲೇ ಇರಲಿ" ಎಂದೆ. "ಹೊಸ ಕಾಯಿ ಹಾಕಬೇಕು."