ಕಂಠೆಪ್ಪನ ಉಲ್ಟಾ ಲೆನ್ಸು

ಕಂಠೆಪ್ಪನಿಗೆ ಕುಡಿತವಿರಲಿಲ್ಲ, ಇಸ್ಪೀಟೂ ಇರಲಿಲ್ಲ. ಇದ್ದದ್ದು ಒಂದೇ ಹುಚ್ಚು, ಗಿಡದ ಹುಳಗಳ ಫೋಟೋ ತೆಗೆಯುವುದು. ಕುಡಿತವೇ ಇದ್ದಿದ್ದರೆ ವಾಸ್ಕೋದ ಮಂಗೋರ್ ಹಿಲ್ಲಿನ ನಮಗೆಲ್ಲ ಬೇಗ ಅರ್ಥವಾಗುತ್ತಿತ್ತು. ವಾರವಿಡೀ ಬಂದರಿನಲ್ಲಿ ಚೀಲ ಹೊರುವ ಮನುಷ್ಯ ಭಾನುವಾರ ಬೆಳಿಗ್ಗೆ ಎದ್ದು, ಹೇನು ಹತ್ತಿದ ಗಿಡದ ಮುಂದೆ ಮಂಡಿಯೂರಿ ಕೂರುತ್ತಾನೆಂದರೆ ಯಾರು ನಂಬಬೇಕು? ನಮ್ಮ ಖೋಲಿಗೂ ಅವನ ಖೋಲಿಗೂ ನಡುವೆ ಒಂದೇ ತಗಡು. ಅವನ ಸಂಸಾರದ ಒಂದು ಮಾತೂ ನನಗೆ ತಪ್ಪುತ್ತಿರಲಿಲ್ಲ.

ಬಾಗಲಕೋಟೆ ಕಡೆಯವನು. ಎಂಬತ್ತರ ದಶಕದಲ್ಲಿ ಹೆಂಡತಿ ಯಲ್ಲವ್ವನನ್ನು ಕರೆದುಕೊಂಡು ವಾಸ್ಕೋಗೆ ಬಂದ. ಹಡಗೊಂದರ ಅಡುಗೆಯವನು ಊರಿಗೆ ಹೊರಡುವಾಗ ತನ್ನ ಹಳೆಯ ಕ್ಯಾಮೆರಾವನ್ನು ಇವನ ಕೈಗೆ ಕೊಟ್ಟು ಹೋದ. ಲೆನ್ಸನ್ನು ಬಿಚ್ಚಿ ಹಿಂದುಮುಂದಾಗಿ ಇಟ್ಟರೆ ಸಣ್ಣ ಹುಳವೂ ದೊಡ್ಡದಾಗಿ ಕಾಣುತ್ತದೆಂದು ಫಿಲ್ಮು ತೊಳೆಯುವ ಸ್ಟುಡಿಯೋದವನೊಬ್ಬ ಹೇಳಿಕೊಟ್ಟ. ಕಂಠೆಪ್ಪ ಹಾಗೆಯೇ ತಿರುಗಿಸಿಟ್ಟು, ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು, ಮೇಲೆ ಟೇಪು ಸುತ್ತಿಬಿಟ್ಟ. ಆಮೇಲೆ ಹುಳದ ಮೂಗಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋಗಬೇಕು, ಉಸಿರು ಬಿಗಿಹಿಡಿಯಬೇಕು. ಎಲೆ ಅಲ್ಲಾಡಿದರೆ ಫಿಲ್ಮು ದಂಡ.

ಗಿಡದ ಹೇನು ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದಂತೆ. ಅದನ್ನು ಫೋಟೋದಲ್ಲಿ ಹಿಡಿಯಬೇಕೆಂದು ಅವನ ಹಟ. ಅದಕ್ಕೆ ಆರಿಸಿಕೊಂಡದ್ದು ಗುಡ್ಡದ ಕೆಳಗೆ ಬೀಗ ಹಾಕಿದ್ದ ಬಂಗಲೆಯೊಂದರ ದಾಸವಾಳದ ಬೇಲಿ. ಬಂಗಲೆಯವರು ವಿದೇಶದಲ್ಲಿದ್ದರು, ತೋಟದ ನಲ್ಲಿಯನ್ನು ನಮ್ಮ ಓಣಿಯವರೇ ಬಳಸುತ್ತಿದ್ದೆವು. ನಲ್ಲಿಯ ಪಕ್ಕದಲ್ಲಿ, ಬೇಲಿಗೆ ಎದುರಾಗಿ, ಗೋಣಿತಾಟು ಕಟ್ಟಿದ ಹೆಣ್ಣುಮಕ್ಕಳ ಬಚ್ಚಲು. ಅದು ಅವನ ತಲೆಗೆ ಹೊಳೆಯಲೇ ಇಲ್ಲ.

ಆ ಭಾನುವಾರ ಬಚ್ಚಲಲ್ಲಿ ಮಾನಪ್ಪನ ತಂಗಿ ಇದ್ದಳು. ಮಾನಪ್ಪ ಅದಿರಿನ ಲಾರಿ ಓಡಿಸುವವನು, ಮೂಗಿನ ತುದಿಯಲ್ಲೇ ಸಿಟ್ಟು. ನೀರು ತರಲು ಬಂದವನಿಗೆ ಕಂಡದ್ದು ಬೇಲಿಯ ಸಂದಿನಲ್ಲೊಂದು ಕ್ಯಾಮೆರಾ, ಅದರ ಹಿಂದೆ ಒಂದು ಕಣ್ಣು ಮುಚ್ಚಿಕೊಂಡು ಕೂತ ಗಂಡಸು. ಅವನಾದರೂ ಇನ್ನೇನು ತಿಳಿಯಬೇಕು? ಕಪಾಳಕ್ಕೆ ಬಾರಿಸಿದ, ಕ್ಯಾಮೆರಾ ಕಿತ್ತುಕೊಂಡ, ಕಂಠೆಪ್ಪನ ಕೊರಳಪಟ್ಟಿ ಹಿಡಿದು ನಲ್ಲಿಯ ಮುಂದಕ್ಕೆ ಎಳೆತಂದ. ಓಣಿಗೆ ಓಣಿಯೇ ನೆರೆಯಿತು.

“ಹೆಣ್ಮಕ್ಕಳ ಫೋಟೋ ತಗೀತಿಯೇನಲೇ? ಇದರ ಹಿಂದಿನ ಮುಚ್ಚಳಾ ತಗೀತೇನಿ ತಡಿ, ಏನೇನು ಹಿಡದಿ ಎಲ್ಲಾರೂ ನೋಡ್ಲಿ!”

ತೊಳೆಯದ ಫಿಲ್ಮಿನಲ್ಲಿ ಏನೂ ಕಾಣುವುದಿಲ್ಲ, ಬೆಳಕು ಬಿದ್ದರೆ ಎಲ್ಲ ಹಾಳಾಗುತ್ತದೆ ಎಂದು ಅಲ್ಲಿ ಗೊತ್ತಿದ್ದವನು ಕಂಠೆಪ್ಪ ಒಬ್ಬನೇ. ಆ ಪುಣ್ಯಾತ್ಮ ‘ನಾನು ತಪ್ಪು ಮಾಡಿಲ್ಲ’ ಎನ್ನಬಾರದೇ? ಎರಡೂ ಕೈ ಚಾಚಿ ಕೂಗಿದ:

“ಮುಚ್ಚಳ ತಗೀಬ್ಯಾಡ್ರಿ ಮಾನಪ್ಪಣ್ಣ! ನಿಮ್ಮ ಕಾಲ ಬೀಳ್ತೇನಿ, ಒಳಗಿಂದೆಲ್ಲಾ ಹೋಗತೈತಿ!”

ಮುಗಿಯಿತು. ಅವತ್ತು ಅವನಿಗೆ ಮೊದಲ ಸಲ ಹೇನು ಮರಿ ಹಾಕುವುದು ಸಿಕ್ಕಿತ್ತು, ಅದನ್ನು ಉಳಿಸಿಕೊಳ್ಳುವ ಆತುರ ಅವನದು. ಜನಕ್ಕೆ ಕೇಳಿಸಿದ್ದು ಕಳ್ಳನ ಮಾತು.

“ನೋಡ್ರಿ, ತಾನ ಒಪ್ಪಿದ! ಇವತ್ತ ಸಂಜೀ ಒಳಗ ಖೋಲಿ ಖಾಲಿ ಮಾಡ್ಬೇಕು ಮಗನ,” ಎಂದ ಮಾನಪ್ಪ.

ಬಂದರಿನಲ್ಲಿ ಕಂಠೆಪ್ಪನ ಜೊತೆ ಚೀಲ ಹೊರುವ ಟೋಳಿಯವರೆಲ್ಲ ನಮ್ಮ ಓಣಿಯವರೇ. ಈ ಹೆಸರು ಅಂಟಿದರೆ ಖೋಲಿಯೂ ಹೋಯಿತು, ಕೂಲಿಯೂ ಹೋಯಿತು. ಕೂಲಿ ಹುಡುಕಿಕೊಂಡು ಸಾವರ್ಡೆಗೆ ಹೋಗಲಿ, ಡಿಚೋಲಿಗೆ ಹೋಗಲಿ, ಸುದ್ದಿ ಅವನಿಗಿಂತ ಮೊದಲೇ ಅಲ್ಲಿ ಹೋಗಿ ಕೂತಿರುತ್ತಿತ್ತು.

ಎಲ್ಲಿ ಒತ್ತಿದರೆ ಮುಚ್ಚಳ ತೆರೆಯುತ್ತದೆಂದು ಮಾನಪ್ಪ ಹೆಬ್ಬೆರಳಿನಿಂದ ತಡಕಾಡುತ್ತಿದ್ದ. ಅಷ್ಟರಲ್ಲಿ ಯಲ್ಲವ್ವ ಜನರನ್ನು ಸರಿಸಿಕೊಂಡು ಬಂದಳು. ತುಟಿ ಒಡೆದು ನಿಂತಿದ್ದ ಗಂಡನ ಕಡೆ ನೋಡಲೂ ಇಲ್ಲ.

“ಕೊಡ್ರಿ ಅಣ್ಣ, ಮೊದಲ ನಾ ನೋಡ್ತೇನಿ. ನೀವು ಹೇಳೂದು ಖರೇ ಇದ್ರ ಮುಚ್ಚಳ ನಾನ ತಗಸ್ತೇನಿ.”

ಆ ದನಿಗೆ ಮಾನಪ್ಪನ ಹಿಡಿತ ಸಡಿಲಾಯಿತು. ಅವಳು ಅದುವರೆಗೆ ಒಮ್ಮೆಯೂ ಆ ಕ್ಯಾಮೆರಾಕ್ಕೆ ಕಣ್ಣಿಟ್ಟವಳಲ್ಲ. ಬೇಲಿಯ ಆ ಕಡೆ ಹೋಗಿ, ಗಂಡ ಕೂತಿದ್ದಲ್ಲೇ ಮಂಡಿಯೂರಿ, ನೇರ ಗೋಣಿತಾಟಿನ ಕಡೆ ಹಿಡಿದು ನೋಡಿದಳು. ನೋಡುತ್ತಲೇ ಇದ್ದಳು. ಏನು ಕಂಡಳೋ ಎಂದು ನಾವೆಲ್ಲ ಕತ್ತು ಚಾಚಿದೆವು.

“ಮಾನಪ್ಪಣ್ಣ, ಇಲ್ಲಿ ಬರ್ರಿ. ನೀವು ಕಸಗೊಂಡಾಗ ಇದು ಹಿಂಗ ಪಟ್ಟಿ ಸುತ್ತಿತ್ತಿಲ್ಲೋ?”

“ಹೌದು, ಹಿಂಗ ಇತ್ತು, ಯಾರೂ ಬಿಚ್ಚಿಲ್ಲ.”

“ಈಗ ನೀವ ನೋಡ್ರಿ, ಬಚ್ಚಲಾ ಕಾಣತೈತೇನು.”

ಮಾನಪ್ಪ ಕಣ್ಣಿಟ್ಟ. ತಾಟಿಲ್ಲ, ನಲ್ಲಿಯಿಲ್ಲ, ಎದುರಿಗೆ ನಿಂತ ನಾವೂ ಇಲ್ಲ, ಬರೀ ಮಬ್ಬು. ತಿರುಗಿಸಿಟ್ಟ ಲೆನ್ಸಿಗೆ ಗೇಣಿನಾಚೆ ಏನೂ ಕಾಣುವುದಿಲ್ಲ. “ಎಡಕ್ಕಿನ ಎಲಿ ಹಿಂದ ನೋಡ್ರಿ,” ಎಂದ ಕಂಠೆಪ್ಪ ನಿಂತಲ್ಲಿಂದಲೇ. ಯಲ್ಲವ್ವ ಆ ಕೊಂಬೆಯನ್ನು ಬಾಗಿಸಿ ಹಿಡಿದಳು. ಮಾನಪ್ಪ ಒಂದಿಷ್ಟು ಹಿಂದೆಮುಂದೆ ಸರಿದು ಒಮ್ಮೆಲೇ ನಿಂತ. ಕಡಲೆಕಾಳಿನಷ್ಟು ದೊಡ್ಡದಾಗಿ ಕಾಣುವ ಹಸಿರು ಹೇನು. ಅದರ ಹಿಂದೆ ಅರ್ಧ ಹೊರಬಂದ ಮರಿ ಕಾಲು ಆಡಿಸುತ್ತಿತ್ತು.

“ಅಯ್ಯ, ಇದು ಹಡಿಯಾಕತ್ತೈತಿ!” ಎಂದ ಆ ದಾಂಡಿಗ.

ಕ್ಯಾಮೆರಾವನ್ನು ಎರಡೂ ಕೈಯಿಂದ ಕಂಠೆಪ್ಪನಿಗೆ ಕೊಟ್ಟು, “ತಪ್ಪಾತಪಾ ತಮ್ಮಾ,” ಎಂದ. ಖೋಲಿ ಖಾಲಿ ಮಾಡಿಸಲು ನಿಂತಿದ್ದವರೇ ‘ನನಗೊಮ್ಮೆ ತೋರಿಸು’ ಎಂದು ಸಾಲು ಹಚ್ಚಿದರು. ನಮ್ಮ ಜನವೇ ಹೀಗೆ, ಹೊಡೆಯಲೂ ಮುಂದು, ನೋಡಲೂ ಮುಂದು. ಮುಂದೆ ತೊಂಬತ್ತರ ದಶಕದಲ್ಲೂ ಕಂಠೆಪ್ಪ ಅದೇ ಬೇಲಿಯ ಮುಂದೆ ಮಂಡಿಯೂರುತ್ತಿದ್ದ, ಯಾರೂ ಚಕಾರವೆತ್ತುತ್ತಿರಲಿಲ್ಲ.

ಆದರೆ ಅವತ್ತು ಮಧ್ಯಾಹ್ನ ಅವರ ಒಲೆ ಹೊತ್ತಲಿಲ್ಲ. ಮಾನ ಉಳಿಯಿತಲ್ಲ, ಯಲ್ಲವ್ವ ಸಂತೋಷವಾಗಿರುತ್ತಾಳೆ ಎಂದುಕೊಂಡಿದ್ದೆ. ತಗಡಿನಾಚೆಯಿಂದ ಅವಳ ಅಳು ಕೇಳಿಸಿತು.

“ಯಾಕ ಅಳ್ತಿ? ನಿನ್ನಿಂದನ ನಾ ಉಳದೆ,” ಎಂದ ಕಂಠೆಪ್ಪ.

“ಮಂದಿ ನಿಮ್ಮನ್ನ ನಂಬಲಿಲ್ಲಂತ ನನಗ ಸಿಟ್ಟಿಲ್ರಿ. ನಾ ಹೆಂಡ್ತಿ. ನಿಮ್ಮನ್ನ ಉಳಸಾಕ ಕ್ಯಾಮೆರಾ ಇಸ್ಕೊಳ್ಳಲಿಲ್ಲ. ನನಗೂ ಸಂಶೇ ಬಂದು ಇಸ್ಕೊಂಡೆ.”



“ಗೊತ್ತೈತಿ,” ಎಂದ ಕಂಠೆಪ್ಪ. “ನೀ ಬಚ್ಚಲದ ಕಡೆ ಹಿಡದು ಅಷ್ಟೊತ್ತು ನೋಡಿದಿ. ಆಗನ ಗೊತ್ತಾತು.”